ಗುಡ್ಡದ ಕ್ಷೌರ

ಗಂಗಾವತಿಯಿಂದ ಕೊಪ್ಪಳಕ್ಕೆ ಹೊರಟ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದ್ದೇ ಇವತ್ತಿನ ಮಟ್ಟಿಗೆ ದೊಡ್ಡದು ಎಂದು ಕಲ್ಲೇಶ ಹಣೆಯನ್ನು ಸರಳಿಗೆ ಆನಿಸಿ ಕಣ್ಣು ಮುಚ್ಚಿದ್ದ. ಆಗ ಪಕ್ಕದಲ್ಲಿ ಕೂತ, ಬೀಜದ ಕಂಪನಿಯ ಟೋಪಿ ಹಾಕಿಕೊಂಡ ಮನುಷ್ಯ ಮೊಬೈಲು ತೆಗೆದು ಒಂದು ಆಡಿಯೋ ಹಚ್ಚಿ ಯಮನೂರಪ್ಪನನ್ನು ಮಾತಾಡಿಸಿದ. “ಹೌದ್ರೀ ಸರ, ನಾನಽ ಹಚ್ಚೀನಿ. ಗುಡ್ಡದ ಹುಲ್ಲು ಹಳೇದಾತು ಅಂದ್ರ ಅದಕ್ಕ ಕ್ಷೌರ ಮಾಡಬೇಕ್ರೀ. ನಿಮ್ಮ ಉಪಗ್ರಹಕ್ಕ ಹೇಳ್ರಿ, ಯಮನೂರಪ್ಪ ಕಡ್ಡಿ ಗೀರಾಕ್ಹತ್ಯಾನ, ಫೋಟೋ ಛಲೋ ಬರಂಗ ತಗಿ ಅಂತ.” ನಡುವೆ ಒಂದು ಕೆಮ್ಮು, ಕೊನೆಗೆ ಎಲೆಯಡಿಕೆ ತುಂಬಿದ ಬಾಯಿಯ ನಗು. ಕೆಮ್ಮು ಯಮನೂರಪ್ಪನದು, ಎಲೆಯಡಿಕೆ ಯಮನೂರಪ್ಪನದು, ಗಂಟಲು ಮಾತ್ರ ಕಲ್ಲೇಶನದು. ಎಪ್ಪತ್ತು ದಾಟಿದ ಕುರಿಗಾರನ ದನಿಯನ್ನು ಮೂವತ್ತಾರರ ಭೂಗೋಳದ ಮಾಸ್ತರ ಬಾಯಲ್ಲಿ ಹಾಕಿಕೊಂಡು ಜಗಿದು ಉಗುಳಿದ್ದು ಈಗ ಮೂರು ತಾಲೂಕಿನ ಮೊಬೈಲುಗಳಲ್ಲಿ ಅಂಟಿಕೊಂಡಿತ್ತು.

“ಕೇಳೀರೇನ್ರಿ?” ಟೋಪಿಯವನು ಮೊಣಕೈಯಿಂದ ತಿವಿದ. “ಇರಕಲ್ಲಗಡದ ಗುಡ್ಡ ಸುಟ್ಟ ಮುದುಕ. ನಿನ್ನಿ ಸಂಜೀಕ ಹಿಡಕೊಂಡು ಹೋಗ್ಯಾರ. ಎಷ್ಟು ಸೊಕ್ಕು ನೋಡ್ರಿ ಮಾತಿನ್ಯಾಗ.” ಕಲ್ಲೇಶ ನಕ್ಕ. ನಗಬಾರದೆಂದು ಗೊತ್ತಿದ್ದೂ ನಕ್ಕ. ಇನ್ನೂ ನಾಚಿಕೆಗೇಡಿನ ಸಂಗತಿಯೆಂದರೆ, ಮೂರನೆಯ ವಾಕ್ಯದಲ್ಲಿ ಉಸಿರು ಸ್ವಲ್ಪ ಬೇಗ ಎಳೆದುಕೊಂಡಿದ್ದೇನೆ, ಮುದುಕ ಹಾಗೆ ಎಳೆಯುವುದಿಲ್ಲ ಎಂಬ ತಪ್ಪು ಅವನ ಕಿವಿಗೆ ಬಿತ್ತು. ಒಬ್ಬ ಮನುಷ್ಯ ಮಧ್ಯಾಹ್ನ ಮೂರಕ್ಕೆ ಕೋರ್ಟಿಗೆ ಹೋಗುವವನಿದ್ದಾನೆ, ಇವನಿಗೆ ತನ್ನ ಕಲೆಯ ಚಿಂತೆ. “ಅದು ನನ್ನ ದನಿ” ಎಂದು ಈ ಟೋಪಿಯವನಿಗೆ ಹೇಳಿಬಿಡಬೇಕು. ಇಲ್ಲಿ ಹೇಳಲು ಆಗದಿದ್ದರೆ ಕೊಪ್ಪಳದಲ್ಲಿ ಅರಣ್ಯದವರ ಟೇಬಲ್ಲಿನ ಮುಂದೆ ಹೇಗೆ ಹೇಳುತ್ತೀಯ. ಮೂರೇ ಶಬ್ದ. ಟೋಪಿಯವನು ಮತ್ತೊಮ್ಮೆ ಹಚ್ಚಿದ. ಕಲ್ಲೇಶ ಮತ್ತೆ ಸರಳಿಗೆ ಹಣೆ ಕೊಟ್ಟ.

ಅದನ್ನು ಮಾಡಿದ್ದು ಜನವರಿಯ ಶುರುವಿನಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ, ಬೆಂಕಿಯ ಮೇಲೆ ಕಲ್ಲೇಶ ಪೇಪರು ಓದಿದ ಸೆಮಿನಾರು ಮುಗಿದ ಮರುದಿನ. ಮಿರ್ಚಿ ಬಂದಿತ್ತು, ಮಂಡಾಳು ಬಂದಿತ್ತು, ಎಲ್ಲರ ಬೆರಳೂ ಎಣ್ಣೆಯಾಗಿದ್ದವು. ಸಂಬಳದ ತಿಥಿ ಗೊತ್ತಿಲ್ಲದ್ದಕ್ಕೇ ನಮ್ಮನ್ನು ಅತಿಥಿ ಉಪನ್ಯಾಸಕರು ಅನ್ನುವುದು ಎಂದು ಶುರು ಮಾಡಿ, ಪ್ರಿನ್ಸಿಪಾಲರು ಮೈಕು ತಟ್ಟುವ ರೀತಿ ಮಾಡಿ ತೋರಿಸಿ, ದೂರದಿಂದ ಬಂದಿದ್ದ ಮುಖ್ಯ ಅತಿಥಿಗಳು “ಅಂದರೆ, ಅಂದರೆ” ಎನ್ನುತ್ತ ಏನನ್ನೂ ಅನ್ನದೆ ಕೂತದ್ದನ್ನು ಮಾಡಿ ತೋರಿಸಿ, ಸಸ್ಯಶಾಸ್ತ್ರದ ಅಮೃತಾ ನಗು ತಡೆಯಲಾರದೆ ವೇಲಿನಿಂದ ಬಾಯಿ ಮುಚ್ಚಿಕೊಂಡಾಗ ಕಲ್ಲೇಶನಿಗೆ ಇನ್ನೊಂದು ಬೇಕಾಯಿತು. ಆಕೆ ನಕ್ಕಾಗಲೆಲ್ಲ ಅವನಿಗೆ ಇನ್ನೊಂದು ಬೇಕಾಗುತ್ತಿತ್ತು. ಇತಿಹಾಸದ ಅಬ್ದುಲರೌಫ “ನಿಮ್ಮ ಕುರಿಯವನನ್ನ ತರ್ರಿ, ಕುರಿಯವನನ್ನ” ಎಂದ. ತಂದ. ಗುಡ್ಡದ ಕ್ಷೌರ ಎಂಬ ಮಾತು ಯಮನೂರಪ್ಪ ನಿಜವಾಗಿ ಆಡಿದ್ದು; ಉಪಗ್ರಹ, ಫೋಟೋ ಕಲ್ಲೇಶ ಬೆಸೆದದ್ದು. ಬೆಸುಗೆ ಎಲ್ಲಿದೆ ಎಂದು ಯಾರಿಗೂ ಕಾಣಲಿಲ್ಲ. ಅಮೃತಾ ರೆಕಾರ್ಡು ಮಾಡಿಕೊಂಡು ತನ್ನ ಬಿಎಸ್ಸಿ ಹುಡುಗರ ಗುಂಪಿಗೆ ಕಳಿಸಿದಳು. ಅವರೆಲ್ಲ ಒಬ್ಬರಾದ ಮೇಲೊಬ್ಬರು ಒಂದೇ ಶಬ್ದ ಬರೆದಿದ್ದರು: ಬೆಂಕಿ. ಬೆಂಕಿ ಸರ್. ಈ ಕಾಲದ ಹುಡುಗರಿಗೆ ಚೆನ್ನಾಗಿದೆ ಅನ್ನಲು ಬೇರೆ ಶಬ್ದ ಇಲ್ಲ. ಅವನು ಅದನ್ನು ಮೂರು ನಾಲ್ಕು ಸಲ ಬೆರಳಿನಿಂದ ಮೇಲೆ ಕೆಳಗೆ ಸರಿಸಿ ಓದಿದ್ದ. ಏಪ್ರಿಲಿನಲ್ಲಿ ಗುಡ್ಡ ಸುಟ್ಟ ಮೇಲೆ ಅದೇ ಆಡಿಯೋ ಗುಂಪಿನಿಂದ ಗುಂಪಿಗೆ ಹಾರಿ ಮುದುಕನ ತಪ್ಪೊಪ್ಪಿಗೆಯಾಗಿತ್ತು.

ಫೋನು ತೊಡೆಯ ಮೇಲೆ ನಡುಗಿತು. ಅಮೃತಾ. “ಹೊಂಟೇಬಿಟ್ರೇನು? ನಾ ಗ್ರೂಪಿನ್ಯಾಗಿಂದ ತಗದೀನ್ರಿ ಸರ, ಅವತ್ತಽ ತಗದೀನಿ,” ಎಂದಳು. ಅವತ್ತು ಎಂದರೆ ಯಾವತ್ತು ಎಂದು ಅವನು ಕೇಳಲಿಲ್ಲ. “ನನ್ನ ಹೆಸರು ಏನಾರ ಬರತೈತೇನು?” “ಇಲ್ಲ.” “ನೀವು ಹೋದ್ರ ಪ್ರಿನ್ಸಿಪಾಲರು ಸುಮ್ಮನಿರ್ತಾರೇನು? ಜೂನಿಗೆ ಮತ್ತ ಅರ್ಜಿ ಹಾಕಬೇಕು ನಾವು. ಅರಣ್ಯದವರಿಗೇನು, ಹಿಡಿಯಾಕ ಒಬ್ಬ ಬೇಕಾಗಿತ್ತು, ಸಿಕ್ಕ. ಮುದುಕ ಹಚ್ಚೋದಂತೂ ಖರೇನಲ್ರಿ. ನಿಮ್ಮ ಪೇಪರಿನ್ಯಾಗಽ ಐತಿ,” ಎಂದಳು. ಟೋಪಿಯವನು ಕೇಳಿಸಿಕೊಳ್ಳುತ್ತಿದ್ದ. “ಐತಿ,” ಎಂದು ಕಲ್ಲೇಶ ಫೋನು ಇಟ್ಟ.

ಐತಿ. ಡಿಸೆಂಬರಿನ ಒಂದು ಬೆಳಿಗ್ಗೆ, ಉಪಗ್ರಹ ಹಿಂದಿನ ವರ್ಷ ಬೆಂಕಿಯ ಗುರುತಾಗಿ ಗುಡ್ಡದ ಮೇಲೆ ಇಟ್ಟ ಹನ್ನೊಂದು ಕೆಂಪು ಚುಕ್ಕಿಗಳನ್ನು ಹುಡುಕುತ್ತ ಇರಕಲ್ಲಗಡದ ಗುಡ್ಡ ಹತ್ತಿದಾಗ ಪ್ಯಾಂಟು ಮೊಣಕಾಲಿನವರೆಗೆ ತೋಯ್ದು ಹೋಗಿತ್ತು. ಬಂಡೆಗಳ ನಡುವೆ ಸೊಂಟದೆತ್ತರ ಹುಲ್ಲು, ಹುಲ್ಲಿನ ತುದಿಗೆಲ್ಲ ಇಬ್ಬನಿ. ಕಂಬಳಿ ಹೊದ್ದು ಕೂತಿದ್ದ ಯಮನೂರಪ್ಪ ಇವನ ಜಿಪಿಎಸ್ಸನ್ನು ಕೈಯಲ್ಲಿ ತೂಗಿ ನೋಡಿ ವಾಪಸು ಕೊಟ್ಟಿದ್ದ. ಬೆಂಕಿ ಯಾರು ಹಚ್ಚುತ್ತಾರೆ ಎಂದು ಹೇಗೆ ಕೇಳುವುದೆಂದು ಇವನು ಮಾತು ಸುತ್ತಿಸುತ್ತಿದ್ದರೆ, “ನಾನಽ ಹಚ್ಚತೀನ್ರೀ, ಅದರಾಗೇನೈತಿ,” ಎಂದುಬಿಟ್ಟ. ಸಂಕ್ರಾಂತಿಯ ಆಚೀಚೆ, ಗಾಳಿ ಮಲಗಿದ ಹೊತ್ತಿಗೆ, ಒಂದು ಹಿಂಡು ಕುರಿ ಮಲಗುವಷ್ಟು ಜಾಗ. ಅತ್ತ ಒಂದು, ಇತ್ತ ಒಂದು. ಬಿಸಿಲು ಬಿದ್ದ ಕಡೆ ಹುಲ್ಲು ಒಣಗಿರುತ್ತದೆ, ಉರಿಯುತ್ತದೆ. ನೆರಳಿನ ಇಬ್ಬನಿ ಸಿಕ್ಕ ಕೂಡಲೇ ಬೆಂಕಿ ತಾನೇ ಕೂತುಬಿಡುತ್ತದೆ. “ನಾ ಹಚ್ಚಾಂವ, ಇಬ್ಬನಿ ಆರಸಾಕಿ. ನಮ್ಮಿಬ್ಬರದು ಹಂಗ ನಡದೈತಿ.” ಸುಟ್ಟಲ್ಲಿ ಹದಿನೈದು ದಿನಕ್ಕೆ ಹಸಿರು ಚಿಗುರು. ಮುಂದೆ ಬಿರುಬಿಸಿಲಿನಲ್ಲಿ ಯಾವನೋ ಬೀಡಿ ಎಸೆದರೂ ಬೆಂಕಿ ಓಡಲು ದಾರಿ ಇರುವುದಿಲ್ಲ, ಅಲ್ಲಲ್ಲಿ ಬೋಳಿಸಿ ಇಟ್ಟಿರುತ್ತದಲ್ಲ. ಕೌದಿಯ ತೇಪೆಗಳ ಹಾಗೆ ಕರಿ, ಹಸಿರು, ಹಳದಿ. ಕಲ್ಲೇಶ ಬರೆದುಕೊಳ್ಳುವುದನ್ನು ನಿಲ್ಲಿಸಿ ಅವನ ಬಾಯಿಯನ್ನೇ ನೋಡಿದ್ದ. ಆಗ ಅವನಿಗೆ ಹೊಳೆದದ್ದು ಮಾತಿನ ಹುರುಳಲ್ಲ. ಕೆಳತುಟಿ ಹೇಗೆ ಎಡಕ್ಕೆ ಸರಿಯುತ್ತದೆ ಎಂಬುದು.

ಪೇಪರಿನಲ್ಲಿ ಬೆಂಕಿಯ ಕಾರಣಕ್ಕೆ ಮೂರು ಕಾಲಂ ಇದ್ದವು: ಹವೆ, ಹುಲ್ಲು, ಮನುಷ್ಯ. ಪಾಠದಲ್ಲಿ ಅವನು ಅದನ್ನು ಸೊಗಸಾಗಿಯೇ ಹೇಳುತ್ತಿದ್ದ. ಮರುಭೂಮಿಯಲ್ಲಿ ಒಣ ಇದೆ, ಉರಿಯಲು ಹುಲ್ಲಿಲ್ಲ. ದಟ್ಟ ಮಳೆಕಾಡಿನಲ್ಲಿ ಉರಿಯಲು ಬೇಕಾದಷ್ಟಿದೆ, ಒಣಗುವುದಿಲ್ಲ. ಇವೆರಡರ ನಡುವೆ, ಒಂದು ವರ್ಷ ಮಳೆ ಸುರಿದು ಮತ್ತೊಂದು ವರ್ಷ ಕೈಕೊಡುವ ಹುಲ್ಲುನೆಲಗಳಲ್ಲೇ ಜಗತ್ತಿನ ಹೆಚ್ಚಿನ ಬೆಂಕಿ. ಆಫ್ರಿಕಾದಲ್ಲಿ ನೇಗಿಲು ಹೊಕ್ಕ ಕಡೆ ಬೆಂಕಿ ಕಡಿಮೆಯಾಗುತ್ತಿದೆ, ಬಡಗಣ ಚಳಿನಾಡಿನ ಕಾಡುಗಳಲ್ಲಿ ಹೆಚ್ಚಾಗುತ್ತಿದೆ. ನಮ್ಮ ಕೊಪ್ಪಳ ಎಲ್ಲಿ ಬರುತ್ತದೆ ಹೇಳ್ರಿ? ನಟ್ಟನಡುವೆ, ಸರ್. ಸರಿ, ಆದರೆ ಒಂದು ಚುಕ್ಕಿಗೆ ಒಂದೇ ಕಾಲಂ. ಯಮನೂರಪ್ಪನ ಹನ್ನೊಂದು ಚುಕ್ಕಿಗಳನ್ನು ಅವನು ಮನುಷ್ಯನಿಗೆ ಹಾಕಿದ. ಇಬ್ಬನಿಯ ಬಗ್ಗೆ, ಬೋಳಿಸಿಟ್ಟ ತೇಪೆಗಳ ಬಗ್ಗೆ ಒಂದು ಪುಟ ಬರೆದಿದ್ದ. ಪಿಎಚ್‌ಡಿಯ ಗೈಡು ಅದರ ಮೇಲೆ ಅಡ್ಡಗೆರೆ ಎಳೆದು “ಇದು ಕತೆ” ಎಂದು ಬರೆದರು. ತೆಗೆದ. ಸೆಮಿನಾರಿನ ಮುಂದಿನ ಸಾಲಿನಲ್ಲಿ ಅರಣ್ಯದವರು ಕೂತಿದ್ದರು, ನೂರಕ್ಕೆ ಎಪ್ಪತ್ತೆಂಟು ಬೆಂಕಿ ಮನುಷ್ಯನದೆಂದಾಗ ಟಿಪ್ಪಣಿ ಮಾಡಿಕೊಂಡರು, ಕೊನೆಗೆ ಚಪ್ಪಾಳೆ ತಟ್ಟಿದರು. ವಾರದೊಳಗೆ ಗುಡ್ಡದ ಸುತ್ತ ಗುಂಡಿ ತೋಡಿ, ಸಸಿ ನೆಟ್ಟ ಕಡೆ ಕುರಿ ಬರಬಾರದು, ಬೆಂಕಿ ಹಚ್ಚಿದರೆ ಜೈಲು ಎಂಬ ಬೋರ್ಡು ನಿಂತಿತು. ಸಂಕ್ರಾಂತಿ ಸುಮ್ಮನೆ ಹೋಯಿತು. ಎರಡು ವರ್ಷದ ಒಳ್ಳೆಯ ಹಿಂಗಾರಿ ಮಳೆಯ ಹುಲ್ಲು ನಿಂತಲ್ಲೇ ಒಣಗಿತು. ಏಪ್ರಿಲಿನ ಎರಡನೇ ವಾರ, ಮಧ್ಯಾಹ್ನದ ಗಾಳಿಗೆ, ಎಲ್ಲಿಂದಲೋ ಒಂದು ಕಿಡಿ. ಯಾರದೆಂದು ಯಾರಿಗೂ ಗೊತ್ತಿಲ್ಲ. ಇಡೀ ಗುಡ್ಡ ಒಂದೇ ಕಾಲಂನಲ್ಲಿ ಹತ್ತಿಕೊಂಡಿತು.

ಬೂದಗುಂಪಾ ಕ್ರಾಸಿನಲ್ಲಿ ಟೋಪಿಯವನು ಇಳಿದ. ಬೂದಿಯ ಗುಂಪಿಗೆ ತಕ್ಕ ಹೆಸರು ಎಂದು ಕಲ್ಲೇಶನ ತಲೆ ತನ್ನಷ್ಟಕ್ಕೆ ಜೋಡಿಸಿ ನಗಲು ತಯಾರಾಯಿತು. ಆ ತಲೆಯನ್ನು ಸರಳಿಗೆ ಒಮ್ಮೆ ಗಟ್ಟಿಯಾಗಿ ಬಡಿಯಬೇಕೆನಿಸಿತು. ಅಂಗಿಯ ತೋಳಿನ ಮೇಲೆ ಬೆಳಗಿನ ಬೂದಿ ಇನ್ನೂ ಇತ್ತು. ಮರಳಿ ಎಂಬ ತನ್ನೂರಿನ ಮನೆಯಲ್ಲಿ ತಾಯಿ ಶಂಕ್ರಮ್ಮ ಒಣಹಾಕಿದ ಬಟ್ಟೆಗಳನ್ನೆಲ್ಲ ಕೊಡವುತ್ತ ಅಣ್ಣನಿಗೆ ಬಯ್ಯುತ್ತಿದ್ದಳು. ಮಷಿನ್ನಿನಲ್ಲಿ ಕೊಯ್ದ ಭತ್ತದ ಕೂಳೆಗೆ ಅಣ್ಣ ನಿನ್ನೆ ಕಡ್ಡಿ ಗೀರಿದ್ದ. ಸುತ್ತ ನಾಲ್ಕು ಹಳ್ಳಿಯಲ್ಲಿ ಎಲ್ಲರೂ ಗೀರಿದ್ದರು. ಉಪಗ್ರಹಕ್ಕೆ ಅವೂ ಕೆಂಪು ಚುಕ್ಕಿಗಳೇ. ಆ ಚುಕ್ಕಿಗಳಿಗೆ ಕಲ್ಲೇಶ ‘ಕೃಷಿ’ ಎಂದು ಹೆಸರಿಟ್ಟು ಅಡಿಟಿಪ್ಪಣಿಗೆ ಇಳಿಸಿದ್ದ. ಅಡಿಟಿಪ್ಪಣಿಯವರನ್ನು ಯಾರೂ ಜೀಪಿನಲ್ಲಿ ಹತ್ತಿಸುವುದಿಲ್ಲ. “ನೀ ಎಲ್ಲಿಗೆ ಹೊಂಟಿ?” ಎಂದು ಅಣ್ಣ ಕೇಳಿದಾಗ ಅಣ್ಣನದೇ ದನಿಯಲ್ಲಿ “ಕೊಪ್ಪಳಕ್ಕ” ಎಂದಿದ್ದ. ತನ್ನ ದನಿಯಲ್ಲಿ ಕೊನೆಗೆ ಯಾವಾಗ ಮಾತಾಡಿದ್ದೆ ಎಂದು ಯೋಚಿಸುತ್ತ ಕೂತವನಿಗೆ ಗಿಣಿಗೇರಿ ದಾಟಿದ್ದು ತಿಳಿಯಲಿಲ್ಲ.

ಅರಣ್ಯದವರ ಆಫೀಸಿನ ಅಂಗಳದ ಬೇವಿನ ನೆರಳಲ್ಲಿ ಯಮನೂರಪ್ಪನ ಹೆಂಡತಿ ಹುಲಗಮ್ಮ ಬುತ್ತಿಗಂಟು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಡಿಸೆಂಬರಿನಲ್ಲಿ ಅವಳ ಕೈಯ ಸಜ್ಜಿರೊಟ್ಟಿ ತಿಂದಿದ್ದ. “ಮಾಸ್ತರ ಬಂದ್ರು,” ಎಂದು ಅವಳು ಎದ್ದು ನಿಂತಳು, ಬಂದದ್ದರಿಂದಲೇ ಅರ್ಧ ಕೆಲಸ ಆದವಳಂತೆ. “ನೀವು ಓದಿದೋರು, ನಾಕು ಮಾತು ಹೇಳ್ರಿ ಅವರಿಗೆ. ಬೆಂಕಿ ಬಿದ್ದ ದಿನ ಬೇವೂರಾಗ ಕುರಿ ತರಬಿದ್ವಿ. ಹೊಲದ ಗೌಡ್ರಿಗೆ ಫೋನ್ ಮಾಡಿದ್ರ, ಕೋರ್ಟು ಕಚೇರಿಗೆ ನನ್ನ ಎಳೀಬ್ಯಾಡ್ರಿ ಅಂತಾರ.” ಹೊಲದಲ್ಲಿ ರಾತ್ರಿ ಕುರಿ ತರುಬಿದರೆ ಗೊಬ್ಬರ, ಹಗಲಲ್ಲಿ ಸಾಕ್ಷಿ ಹೇಳಬೇಕೆಂದರೆ ಗೌಡರಿಗೆ ಅದರ ನಾತ. ಕಲ್ಲೇಶ ಅವಳ ಮುಖ ನೋಡದೆ “ಹೇಳ್ತೀನವ್ವಾ” ಎಂದ.

ಒಳಗೆ ಆಫೀಸರು, ತನ್ನದೇ ವಯಸ್ಸಿನವರು, ನಿದ್ದೆಗೆಟ್ಟ ಕಣ್ಣು. ಗೋಡೆಯ ಪಕ್ಕ ನೆಲದ ಮೇಲೆ ಯಮನೂರಪ್ಪ ಕಾಲು ಮಡಚಿ ಕೂತಿದ್ದ, ಕಂಬಳಿ ಇಲ್ಲದೆ ಅರ್ಧ ಆಗಿದ್ದ. ಬೆಂಚಿನ ಮೇಲೆ ದಿನಗೂಲಿಯ ಕಾವಲುಗಾರ ಹನಮೇಶ, ಎರಡೂ ಕೈಗೆ ಮೊಣಕೈಯವರೆಗೆ ಬಿಳಿ ಬ್ಯಾಂಡೇಜು. ಹಸಿ ಟೊಂಗೆಯಿಂದ ಬೆಂಕಿ ಬಡಿಯಲು ಹೋಗಿ ಸುಟ್ಟುಕೊಂಡದ್ದು. ಆ ಕೈಗಳಿಗೆ ಹೆದರಿ ಕಲ್ಲೇಶ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಟ್ಟ ಮಾತು ಮರೆತ. “ಆ ಆಡಿಯೋ,” ಎಂದ. “ಅದು ನನ್ನ ದನಿ.”

“ನಿಮ್ಮದು,” ಎಂದರು ಆಫೀಸರು.

“ನಾನು ಮಿಮಿಕ್ರಿ ಮಾಡ್ತೀನ್ರಿ. ತಮಾಷೆಗೆ ಮಾಡಿದ್ದು. ಜನವರಿಯೊಳಗ. ಬೆಂಕಿಗಿಂತ ಮೂರು ತಿಂಗಳ ಮೊದಲು.”

ಹನಮೇಶ ನಕ್ಕ. “ಇವರು ಅವಾಗಿಂದ ಮುದುಕನ ಕೂಡ ಗುಡ್ಡದಾಗ ಕುಂತು ರೊಟ್ಟಿ ತಿಂದೋರು ಅದಾರ್ರೀ ಸಾಹೇಬ್ರ. ಬಿಡಿಸಾಕ ಬಂದಾರ.” ಆಫೀಸರು ಯಮನೂರಪ್ಪನ ಕಡೆ ತಿರುಗಿದರು. “ಏನಪಾ ಯಜಮಾನ, ಅದು ನಿನ್ನ ದನಿ ಹೌದೋ ಅಲ್ಲೋ?” ಮುದುಕ ಕಲ್ಲೇಶನನ್ನು ನೋಡಿ ಕಣ್ಣಲ್ಲೇ ನಮಸ್ಕಾರ ಮಾಡಿ, “ನಂದಽ ಅನಸ್ತೈತ್ರಿ,” ಎಂದ. “ಫೋಟೋದ್ದು ಅಂದದ್ದು ನೆನಪಿಲ್ಲ. ಆದ್ರ ಛಲೋ ಅಂದೀನಿ. ಮಾಸ್ತರ ಮುಂದ ಏನೇನೋ ಮಾತಾಡೀನಿ ಅವತ್ತು, ಅಂದಿದ್ರೂ ಅಂದಿರಬಹುದು.” ಅವನ ಮುಖದಲ್ಲಿ ಸಣ್ಣದೊಂದು ಹೆಮ್ಮೆ ಇತ್ತು. ತನ್ನ ಬೆಸುಗೆಯನ್ನು ಮುದುಕ ತನ್ನದೆಂದು ಎತ್ತಿಕೊಳ್ಳುತ್ತಿರುವುದನ್ನು ಕಂಡು ಕಲ್ಲೇಶ, “ಇಲ್ರಿ, ಫೋಟೋದ ಮಾತು ನಂದು,” ಎಂದ.

“ಹಂಗಾರ ಮಾಡಿ ತೋರಿಸ್ರಿ,” ಎಂದರು ಆಫೀಸರು.

ನಿಂತಲ್ಲೇ, ಯಾರ ಮುಖವನ್ನೂ ನೋಡದೆ ಕೆಳತುಟಿಯನ್ನು ಎಡಕ್ಕೆ ಸರಿಸಿದ. ದನಿ ಬರುವುದಿಲ್ಲ ಎಂದುಕೊಂಡ, ಬಾರದಿದ್ದರೆ ಎಲ್ಲ ಮುಗಿಯಿತು. ಬಂತು. “ಹೌದ್ರೀ ಸರ, ನಾನಽ ಹಚ್ಚೀನಿ.” ಇಷ್ಟು ಚೆನ್ನಾಗಿ ಹಿಂದೆಂದೂ ಬಂದಿರಲಿಲ್ಲ, ಉಸಿರು ಎಲ್ಲಿ ಎಳೆಯಬೇಕೋ ಅಲ್ಲೇ ಎಳೆದ, ಕೆಮ್ಮಿದ. ಟೈಪು ಮಾಡುತ್ತಿದ್ದವಳು ಕೈ ನಿಲ್ಲಿಸಿದಳು. ಹನಮೇಶ ಬ್ಯಾಂಡೇಜಿನ ಕೈಗಳನ್ನು ಮಡಿಲಲ್ಲಿ ಮರೆತು ಬಾಯಿ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿ ಹುಲಗಮ್ಮ, ಬುತ್ತಿಗಂಟು ಹಿಡಿದು, “ಬಿಟ್ರೇನು? ಹೊಂಟಿಯೇನು?” ಎನ್ನುತ್ತ ಒಳಗೆ ಬಂದವಳು ನೆಲದ ಮೇಲೆ ಬಾಯಿ ಮುಚ್ಚಿ ಕೂತ ಗಂಡನನ್ನು ನೋಡಿ, ನಿಂತ ಮಾಸ್ತರನನ್ನು ನೋಡಿ, ಅಲ್ಲೇ ನಿಂತಳು. “ನಾ ಅಲ್ಲ. ಮಾಸ್ತರು ನನ್ನಂಗ ಮಾತಾಡಾಕ್ಹತ್ಯಾರ,” ಎಂದು ಯಮನೂರಪ್ಪ ಮೆಲ್ಲಗೆ ಅವಳಿಗೆ ಹೇಳಿದ.

ಆಫೀಸರು ಕೆಟ್ಟವರಲ್ಲ ಎಂಬುದೇ ಕಲ್ಲೇಶನಿಗೆ ಹೆಚ್ಚು ಕಷ್ಟವಾಗುತ್ತಿತ್ತು. “ನಂಬಿದೆ,” ಎಂದರು. “ಆಡಿಯೋ ಬಿಟ್ಟೆ. ಅದಿಲ್ಲದಽನೂ ಕೇಸು ನಿಲ್ಲತೈತಿ.” ಡ್ರಾವರಿನಿಂದ ತೆಗೆದದ್ದು ಅವನ ಪೇಪರು. ಪುಟ ಒಂಬತ್ತು, ಹಳದಿ ಬಣ್ಣ ಬಳಿದಿತ್ತು. ಇರಕಲ್ಲಗಡದ ಗುಡ್ಡ, ಹನ್ನೊಂದು ಚುಕ್ಕಿ, ಕಾರಣ ಮನುಷ್ಯ, ಮಾಹಿತಿದಾರ ಯಮನೂರಪ್ಪ, ಕುರಿಗಾರ. ಸಂದರ್ಶನ ಕೊಟ್ಟವರೆಲ್ಲರ ಹೆಸರು ಹಾಕಬೇಕು, ಅದು ಪದ್ಧತಿ ಎಂದು ಗೈಡು ಹೇಳಿದ್ದರು. “ಇದೂ ಮಿಮಿಕ್ರಿ ಏನ್ರಿ?” ಎಂದರು ಆಫೀಸರು.

“ಅಲ್ಲ. ಅವು ಜನವರಿಯ ಬೆಂಕಿ. ಇಬ್ಬನಿ ಇರುವಾಗ. ಅದರಿಂದ ಗುಡ್ಡ ಉಳೀತಿತ್ತು,” ಎಂದು ಕಲ್ಲೇಶ ಶುರು ಮಾಡಿದ. ತರಗತಿಯಲ್ಲಿ ಹೇಳಿದ ಹಾಗೆ ಹೇಳಲು ನೋಡಿದ, ಹುಲ್ಲು ಕೂಡುವುದು, ಮಳೆ, ತೇಪೆ. ಮಾತು ಹನಮೇಶನ ಬಿಳಿ ಕೈಗಳಿಗೆ ತಾಗಿ ಬಿದ್ದುಹೋಯಿತು. ಆಫೀಸರು ಪುಟ ತಿರುವಿ, “ಇಬ್ಬನಿ ಎಲ್ಲೈತಿ ಇದರಾಗ?” ಎಂದರು. ನಿಜವಾಗಿ ಹುಡುಕುತ್ತಿದ್ದರು. ಆಗ ನೆಲದಿಂದ ಯಮನೂರಪ್ಪ, ಯಾರೂ ಕೇಳದಿದ್ದರೂ, “ಈ ವರ್ಷ ನಾ ಹಚ್ಚಿಲ್ರೀ,” ಎಂದ. “ಬೋರ್ಡು ಹಾಕಿದ್ರಿ, ಹಚ್ಚಲಿಲ್ಲ. ಅದಕ್ಕಽ ಗುಡ್ಡ ಸುಟ್ಟೈತಿ.”

“ಕೇಳ್ರಿ ಮತ್ತ,” ಎಂದ ಹನಮೇಶ. “ಹಚ್ಚಲಿಲ್ಲ ಅಂತ ಸುಟ್ಟೈತಂತ. ನನ್ನ ಕೈ ಹಂಗಾರ ತಾವಽ ಸುಟಗೊಂಡಾವ.”

ಎಪ್ಪತ್ತೆಂಟು ಪ್ರತಿಶತದ ಪೇಪರಿಗಿಂತ ನಿಜವಾದ ಒಂದು ವಾಕ್ಯ ಆ ಕೋಣೆಯಲ್ಲಿ ಬಿದ್ದು, ಫ್ಯಾನಿನ ಗಾಳಿಗೆ ಟೇಬಲ್ಲಿನ ಮೇಲಿನ ಹಾಳೆಗಳು ಅಲುಗಾಡಿ, ಟೈಪು ಮತ್ತೆ ಶುರುವಾಯಿತು. ಡಿಸೆಂಬರಿನಲ್ಲಿ ಮಾಹಿತಿದಾರ ಹೀಗೆ ಹೇಳಿದ್ದು ನಿಜ ಎಂದು ಬರೆದಿದ್ದ ಹಾಳೆಯನ್ನು ಆಫೀಸರು ಮುಂದೆ ಸರಿಸಿದರು. ಕಲ್ಲೇಶ ಅದರ ಕೆಳಗೆ ಇಬ್ಬನಿಯ ಬಗ್ಗೆ ಎರಡು ಸಾಲು ಕೈಯಿಂದ ಸೇರಿಸಿ ಸಹಿ ಮಾಡಿದ. ಓದಿ ನೋಡಿದರೆ ಕತೆಯಂತಿತ್ತು. ಮೂರಕ್ಕೆ ಹತ್ತು ನಿಮಿಷ ಇರುವಾಗ ಜೀಪು ಬಂತು. ಯಮನೂರಪ್ಪ ಹುಲಗಮ್ಮನ ಕೈಯಿಂದ ಬುತ್ತಿ ತೆಗೆದುಕೊಂಡು, ಹತ್ತುವ ಮೊದಲು ಹನಮೇಶನ ಕೈಗಳನ್ನು ಬಗ್ಗಿ ನೋಡಿ, “ಲೋಳೆಸರ ಹಚ್ಚು ತಮ್ಮಾ,” ಎಂದ. ಕಲ್ಲೇಶನಿಗೆ ಮುದುಕ ಏನೂ ಹೇಳಲಿಲ್ಲ. ಬೈದಿದ್ದರೆ ಆ ಬೈಗುಳವನ್ನಾದರೂ ಇಟ್ಟುಕೊಳ್ಳಬಹುದಿತ್ತು.

ಜೀಪು ತಿರುಗಿದ ಮೇಲೆ ಹುಲಗಮ್ಮ ಅವನ ಹತ್ತಿರ ಬಂದಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು. “ಮಾಸ್ತರ, ನಿನ್ನಿ ನಮ್ಮ ಮುದುಕನ್ನ ಹಿಡಕೊಂಡು ಬಂದಾಗಿಂದ ಕುರಿ ನಿಂತಲ್ಲೇ ನಿಂತಾವ. ನೀರಿಗೆ ಹೊಂಟಿಲ್ಲ. ನಾ ಕರದ್ರ ಬರಾಂಗಿಲ್ಲ, ಬಾಜೂದವರು ಹೊಡದ್ರ ಚದರತಾವ. ಅವನ ದನಿಗೆ ಬೀಳೋವು ಅವು. ನೀವೊಮ್ಮಿ ಬಂದು ಕರೀರಿ.” ಅವಳ ಮಾತಿನಲ್ಲಿ ಚುಚ್ಚು ಇದೆಯೇ ಎಂದು ಅವನು ಹುಡುಕಿದ. ಇರಲಿಲ್ಲ. ಬಾವಿಯ ಹಗ್ಗ ಕೇಳಿದ ಹಾಗೆ ಕೇಳಿದ್ದಳು. “ನಾನಽ ಮೋಸ ಹೋದೆ, ಕುರಿ ಯಾಕ ಹೋಗಾಂಗಿಲ್ಲ,” ಎಂದಳು.

ಟಂಟಂ ಗಾಡಿಯಲ್ಲಿ ಅವಳ ಎದುರು ಕೂತು ಇರಕಲ್ಲಗಡಕ್ಕೆ ಹೋದ. ಸುಟ್ಟ ಗುಡ್ಡ ದೂರದಿಂದಲೇ ಕಂಡಿತು. ಹುಲ್ಲು ಹೋಗಿ ಬಂಡೆಗಳೆಲ್ಲ ಹೊರಗೆ ಬಿದ್ದು, ಚರ್ಮ ತೆಗೆದ ಪ್ರಾಣಿಯ ಹಾಗೆ ಕೂತಿತ್ತು. ಅದರ ಬುಡದ ಬೀಳು ಹೊಲದಲ್ಲಿ ನೂರರಷ್ಟು ಕುರಿಗಳು ಒಂದರ ಹೊಟ್ಟೆಯ ನೆರಳಲ್ಲಿ ಒಂದು ತಲೆ ತೂರಿಸಿ, ನೆಲಕ್ಕೆ ಮುಖ ಮಾಡಿ ನಿಂತಿದ್ದವು. ಐದು ಗಂಟೆಯ ಬಿಸಿಲು ಇನ್ನೂ ಇಳಿದಿರಲಿಲ್ಲ. ಹಳ್ಳದ ಹೊಂಡ ಅಲ್ಲೇ, ಕೂಗಳತೆಯಲ್ಲಿ, ನೀರು ಹೊಳೆಯುತ್ತಿತ್ತು. ಹೇಗೆ ಕರೆಯುತ್ತಾನೆ ಎಂದು ಹುಲಗಮ್ಮ ಹೇಳಿಕೊಟ್ಟಳು: ನಾಲಿಗೆ ಅಂಗುಳಿಗೆ ಹಚ್ಚಿ ಎರಡು ಸಲ ಎಳೆಯುವುದು, ಆಮೇಲೆ “ಬಾ ಯವ್ವಾ, ಬಾ” ಎಂದು ಕೊನೆಯಲ್ಲಿ ಇಳಿಸುವುದು. ಕಲ್ಲೇಶ ಕೆಳತುಟಿ ಸರಿಸಿ, ಕಣ್ಣು ಮುಚ್ಚಿ, ಕಂಬಳಿಯ ಭಾರವನ್ನೂ ಹೆಗಲಿಗೆ ತಂದುಕೊಂಡು ಕರೆದ. ಹುಲಗಮ್ಮ ಪಕ್ಕದಲ್ಲಿ ಉಸಿರು ಹಿಡಿದದ್ದು ಕೇಳಿಸಿತು. ಅಷ್ಟು ಹಾಗೆಯೇ ಇತ್ತು.

ಒಂದು ಕುರಿಯೂ ತಲೆ ಎತ್ತಲಿಲ್ಲ. ಒಂದೆರಡರ ಕಿವಿ ಅಲುಗಿದ್ದು ನೊಣಕ್ಕೆ. ಅವನು ಎರಡು ಹೆಜ್ಜೆ ಮುಂದೆ ಹೋಗಿ ಮತ್ತೆ ಕರೆದ. ಆಫೀಸರನ್ನು, ಹನಮೇಶನನ್ನು, ಮೂರು ತಾಲೂಕಿನ ಮೊಬೈಲುಗಳನ್ನು, ನಲವತ್ತು ವರ್ಷ ಜೊತೆಗೆ ಬಾಳಿದ ಹೆಂಡತಿಯನ್ನು, ಕೊನೆಗೆ ಮುದುಕನನ್ನೇ ನಂಬಿಸಿದ ದನಿ ಆ ಬೀಳು ಹೊಲದ ಮೇಲೆ ಹೋಗಿ, ಕುರಿಗಳ ಬೆನ್ನ ಮೇಲಿಂದ ಹಾದು, ಕರಿಗುಡ್ಡಕ್ಕೆ ಬಡಿದು ವಾಪಸು ಬಂತು. ಇದು ಯಮನೂರಪ್ಪನದಲ್ಲ ಎಂದು ಅವು ಒಟ್ಟಾಗಿ, ಒಂದು ಮಾತಿಲ್ಲದೆ ಹೇಳುತ್ತ ನಿಂತಿದ್ದವು. ಬೆಳಿಗ್ಗೆಯಿಂದ ಇವನಿಗೆ ಬೇಕಾಗಿದ್ದ ಸಾಕ್ಷಿ ಅಷ್ಟೇ. ಕಲ್ಲೇಶ ಮೂರನೆಯ ಸಲ ಕರೆದ, ನಾಲ್ಕನೆಯ ಸಲ, ಗಂಟಲು ಹರಿಯುವವರೆಗೆ. ಕೊನೆಕೊನೆಗೆ ಅದು ಯಾರ ದನಿಯೂ ಆಗಿ ಉಳಿಯಲಿಲ್ಲ.

“ಸಾಕು ಬಿಡ್ರಿ,” ಎಂದಳು ಹುಲಗಮ್ಮ ಹಿಂದಿನಿಂದ. ಕುರಿಗಳಿಗೆ ನೀರು ಹೊತ್ತು ತರಲು ಕೊಡ ಎತ್ತಿಕೊಂಡು ಹೊಂಡದ ಕಡೆ ನಡೆದಿದ್ದಳು. “ಅವಕ್ಕ ಗೊತ್ತಾಗೇತಿ.”